ತಿಂಗಳಿಗೊಮ್ಮೆ ಹೋಗಲಾಗುವ ಕಾಡಂಚಿನ ಜಾಗದಲ್ಲಿ ಕಾಳುಮೆಣಸು: ಸಮಗ್ರ ಮಾರ್ಗದರ್ಶಿ

ಮಲೆನಾಡಿನಲ್ಲಿ ಅಜ್ಜನ ಕಾಲದ ಎರಡು-ಮೂರು ಎಕರೆ ಇದೆ. ಟಾರು ರಸ್ತೆ ಬಿಟ್ಟು ಒಳಗೆ ನಡೆಯಬೇಕು. ಒಂದು ಬದಿ ಕಾಡು, ಕರೆಂಟಿಲ್ಲ, ಬೋರ್‌ವೆಲ್ ಇಲ್ಲ, ಫೋನಿಗೆ ಸಿಗ್ನಲ್ ಸಿಕ್ಕರೆ ಪುಣ್ಯ. ನೀವಿರುವುದು ಬೆಂಗಳೂರಲ್ಲೋ ಹುಬ್ಬಳ್ಳಿಯಲ್ಲೋ. ಮಾರುವ ಮನಸ್ಸಿಲ್ಲ, ಹಾಗೇ ಬಿಟ್ಟರೆ ಲಂಟಾನ, ಯುಪಟೋರಿಯಂ ಬೆಳೆದು ಒಳಗೆ ಕಾಲಿಡಲೂ ಆಗುವುದಿಲ್ಲ. ಇಂಥ ಜಾಗ ಇರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಇಲ್ಲಿ ಯಾವ ಬೆಳೆಗೆ ರೇಟು ಜಾಸ್ತಿ ಅಂತ ಯೋಚಿಸಿದರೆ ಕೆಟ್ಟಿರಿ. ನೀವು ತಿಂಗಳು ಕಾಣಿಸದಿದ್ದರೂ ಬದುಕಿಕೊಳ್ಳುವ ಗಿಡ ಯಾವುದು, ಅದನ್ನು ನೋಡಬೇಕು. ಅಡಿಕೆಗೆ ನೀರು, ಕೊಳೆ, ಕೊಯ್ಲು ಅಂತ ವರ್ಷವಿಡೀ ಯಾರಾದರೂ ಇರಬೇಕು. ಏಲಕ್ಕಿಗೆ ಬೇಸಿಗೆಯಲ್ಲಿ ತಂಪು ತಪ್ಪಬಾರದು. ಬಾಳೆ ಹಾಕಿದರೆ ಮಂಗನಿಗೆ ಊಟ, ಸಕಲೇಶಪುರ, ಕೊಡಗಿನ ಕಡೆಯಾದರೆ ಆನೆಗೂ ಊಟ. ಗೆಡ್ಡೆ-ಗೆಣಸು ಹಾಕಿದರೆ ಹಂದಿ ಒಂದೇ ರಾತ್ರಿಯಲ್ಲಿ ಉಳುಮೆ ಮಾಡಿ ಹೋಗುತ್ತದೆ. ಉಳಿಯುವುದು ಕಾಳುಮೆಣಸು. ಪಶ್ಚಿಮಘಟ್ಟದ್ದೇ ಬಳ್ಳಿ ಅದು, ಇಲ್ಲಿನ ಮಳೆ, ಇಲ್ಲಿನ ಅರೆನೆರಳು ಅದಕ್ಕೆ ಹುಟ್ಟಿನಿಂದ ಗೊತ್ತು. ಇರುವ ಮರಕ್ಕೇ ಹತ್ತುತ್ತದೆ, ಕಾಡು ಕಡಿಯಬೇಕಿಲ್ಲ. ಕಾಡುಪ್ರಾಣಿಗಳಿಗೂ ಇದು ಅಂಥ ರುಚಿಯ ವಸ್ತುವಲ್ಲ. ಮುಖ್ಯವಾಗಿ, ಇದರ ಕೆಲಸ ವರ್ಷದ ಕೆಲವೇ ದಿನಗಳಿಗೆ ಕಟ್ಟುಬಿದ್ದಿದೆ. ಆ ದಿನ ಹೋದರೆ ಸಾಕು. ಆ ದಿನ ತಪ್ಪಿಸಿಕೊಂಡು ಮಿಕ್ಕ ದಿನ ಎಷ್ಟು ಸಲ ಹೋದರೂ ಬರೀ ಪಿಕ್‌ನಿಕ್.

ಮೊದಲು ಕಾಗದ, ಆಮೇಲೆ ಗುದ್ದಲಿ

ಕಾಡಂಚಿನ ಜಾಗದಲ್ಲಿ ಗಡಿ ಎಲ್ಲಿ ಅನ್ನುವುದು ಅಪ್ಪನಿಗೆ ಗೊತ್ತಿತ್ತು, ಅಜ್ಜನಿಗೆ ಇನ್ನೂ ಚೆನ್ನಾಗಿ ಗೊತ್ತಿತ್ತು, ನಮಗೆ ಗೊತ್ತಿಲ್ಲ. ಪಹಣಿ ತೆಗೆಸಿ ಯಾರ ಹೆಸರಲ್ಲಿದೆ ನೋಡಿ. ಆಮೇಲೆ ನಾಡಕಚೇರಿಯಲ್ಲಿ ಹದ್ದುಬಸ್ತಿಗೆ ಅರ್ಜಿ ಕೊಟ್ಟು ಸರ್ವೇಯರ್ ಕೈಯಲ್ಲಿ ಗಡಿ ಗುರುತು ಹಾಕಿಸಿ. ಕಲ್ಲು ನೆಟ್ಟ ದಿನವೇ ಪಕ್ಕದ ಜಮೀನಿನವರನ್ನೂ ಕರೆದುಕೊಂಡು ಸುತ್ತು ಹೊಡೆಯಿರಿ, ಮುಂದಿನ ಇಪ್ಪತ್ತು ವರ್ಷದ ಜಗಳ ಅಲ್ಲೇ ಮುಗಿಯುತ್ತದೆ. ಶಿವಮೊಗ್ಗ, ಉತ್ತರ ಕನ್ನಡದ ಕಡೆ ಸೊಪ್ಪಿನ ಬೆಟ್ಟ ಅಂತ ಇರುತ್ತದೆ. ಅದು ತೋಟಕ್ಕೆ ಸೊಪ್ಪು-ದರಕು ತರಲು ಕೊಟ್ಟ ಸವಲತ್ತು, ಜಮೀನಿನ ಒಡೆತನ ಅಲ್ಲ. ಅದನ್ನು ನಿಮ್ಮದೇ ತೋಟ ಅಂದುಕೊಂಡು ಯೋಜನೆ ಹಾಕಬೇಡಿ.

ಮರದ ವಿಷಯ: ಸ್ವಂತ ಜಾಗದಲ್ಲಿದ್ದರೂ ಹೆಚ್ಚಿನ ಜಾತಿಯ ಮರಗಳನ್ನು ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕಡಿಯುವಂತಿಲ್ಲ, 1976ರ ಕಾನೂನು ಅದು. ಸಿಲ್ವರ್ ಓಕ್‌ನಂಥ ಕೆಲವಕ್ಕೆ ವಿನಾಯಿತಿ ಇದೆ. ನಮ್ಮ ಕೆಲಸಕ್ಕೆ ಮರ ನಿಂತಿರುವುದೇ ಬೇಕಾದ್ದರಿಂದ ತಲೆಬಿಸಿ ಕಡಿಮೆ.

ಇನ್ನೊಂದು ಮಾತು. ಯಾರೂ ಬರದ ಜಾಗ ಅಂದ ಕೂಡಲೇ "ಗಾಂಜಾ ಹಾಕಿದರೆ ಯಾರಿಗೆ ಗೊತ್ತಾಗುತ್ತೆ" ಅನ್ನುವ ಮಹಾನುಭಾವರು ಪ್ರತಿ ಊರಲ್ಲೂ ಇರುತ್ತಾರೆ. 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಗಾಂಜಾ ಗಿಡ ಬೆಳೆಸಿದ್ದಕ್ಕೆ 10 ವರ್ಷದವರೆಗೆ ಕಠಿಣ ಶಿಕ್ಷೆ, 1 ಲಕ್ಷ ರೂಪಾಯಿವರೆಗೆ ದಂಡ ಇದೆ. ಅದಕ್ಕಿಂತ ನೀವು ತಿಳಿದಿರಬೇಕಾದ್ದು ಬೇರೆ. ದೂರ ಇರುವ ಮಾಲೀಕರ ಜಾಗದಲ್ಲಿ ಬೇರೆ ಯಾರೋ ನಾಲ್ಕು ಗಿಡ ನೆಟ್ಟುಕೊಂಡಿರುವುದೂ ಉಂಟು. ಕಂಡರೆ ಜಮೀನಿನವರೇ ತಕ್ಷಣ ಪೊಲೀಸರಿಗೆ ತಿಳಿಸಬೇಕು. ಗೊತ್ತಿದ್ದೂ ಸುಮ್ಮನಿದ್ದರೆ ಅದೂ ತಪ್ಪೇ, ಅದೇ ಕಾಯ್ದೆಯ 46ನೇ ಸೆಕ್ಷನ್ ಅದನ್ನೇ ಹೇಳುತ್ತದೆ. ಹಾಗಾಗಿ ಹೋದಾಗಲೆಲ್ಲ ಮೂಲೆ-ಮೂಲೆಗೂ ಒಂದು ಸುತ್ತು ಬನ್ನಿ.

ಜಾಗ ಓದುವುದು

ಗಿಡ ತರುವ ಮುಂಚೆ ಒಂದು ಮಳೆಗಾಲ, ಒಂದು ಬೇಸಿಗೆ ಆ ಜಾಗವನ್ನು ನೋಡಿ. ಆಗದಿದ್ದರೆ ಜುಲೈಯಲ್ಲಿ ಒಂದು ದಿನ, ಏಪ್ರಿಲ್‌ನಲ್ಲಿ ಒಂದು ದಿನವಾದರೂ ಹೋಗಿ ಬನ್ನಿ. ಜುಲೈಯಲ್ಲಿ ನೀರು ಎಲ್ಲಿ ನಿಲ್ಲುತ್ತದೆ, ಏಪ್ರಿಲ್‌ನಲ್ಲಿ ಮಧ್ಯಾಹ್ನದ ಬಿಸಿಲು ಎಲ್ಲಿ ಬಡಿಯುತ್ತದೆ, ಈ ಎರಡು ಗೊತ್ತಾದರೆ ಅರ್ಧ ತೀರ್ಮಾನ ಆದ ಹಾಗೆ. ಕಾಳುಮೆಣಸಿಗೆ ಮಳೆ ಬೇಕು, ಆದರೆ ಬುಡದಲ್ಲಿ ನೀರು ನಿಲ್ಲಬಾರದು. ಇಳಿಜಾರು ಒಳ್ಳೆಯದು. ದಕ್ಷಿಣಕ್ಕೂ ಪಶ್ಚಿಮಕ್ಕೂ ಮುಖ ಮಾಡಿದ ಇಳಿಜಾರು ಬೇಡ, ಬೇಸಿಗೆಯಲ್ಲಿ ಎಳೆ ಬಳ್ಳಿ ಸುಟ್ಟು ಹೋಗುತ್ತದೆ. ಉತ್ತರ, ಪೂರ್ವದ ಕಡೆಯ ಇಳಿಜಾರಿದ್ದರೆ ಅಲ್ಲಿಂದಲೇ ಶುರು ಮಾಡಿ.

ಆಮೇಲೆ ಮರಗಳ ಲೆಕ್ಕ. ತೊಗಟೆ ಒರಟಾಗಿರುವ, ನೆಟ್ಟಗೆ ನಿಂತ ಮರ ಬೇಕು. ಹಲಸು, ಮಾವು, ಸಿಲ್ವರ್ ಓಕ್ ಎಲ್ಲ ಆಗುತ್ತದೆ. ತೊಗಟೆ ಸುಲಿದು ಉದುರುವ ಮರಕ್ಕೆ ಬಳ್ಳಿ ಹಿಡಿದುಕೊಳ್ಳುವುದಿಲ್ಲ. ಮರ ಸಾಲದಿದ್ದರೆ ಗೊಬ್ಬರದ ಗಿಡದ (ಗ್ಲಿರಿಸಿಡಿಯಾ) ಗೂಟ ನೆಡಬಹುದು. ಬೇಸಿಗೆಯಲ್ಲಿ ಕಡಿದು ನೆರಳಲ್ಲಿಟ್ಟು, ಮುಂಗಾರಿಗೆ ಮೊದಲಿನ ಮಳೆ ಬಿದ್ದಾಗ ಒಂದೂವರೆ ಅಡಿ ಆಳಕ್ಕೆ ಊರಿದರೆ ಚಿಗುರುತ್ತದೆ. ಹಿಂದೆ ಎಲ್ಲರೂ ಹಾಲವಾಣ ಹಾಕುತ್ತಿದ್ದರು. ಅದಕ್ಕೆ ಗಂಟು ಕಟ್ಟುವ ಕಣಜದ ಕಾಟ ಬಂದಮೇಲೆ ಎಲೆಯೆಲ್ಲ ಮುದುಡಿ ಮರಗಳೇ ಸತ್ತವು, ಈಗ ಅದನ್ನೇ ನಂಬಿಕೊಳ್ಳುವುದು ಬೇಡ.

ಎಷ್ಟು ಬಳ್ಳಿ? ಮೊದಲ ವರ್ಷ ಐವತ್ತು ಸಾಕು, ನೂರರ ಮೇಲೆ ಬೇಡವೇ ಬೇಡ. ಯಾಕೆ ಅಂತ ಮುಂದೆ ಮದ್ದಿನ ಲೆಕ್ಕ ಬಂದಾಗ ಗೊತ್ತಾಗುತ್ತದೆ.

ತಳಿ ಮತ್ತು ಗಿಡ

ನರ್ಸರಿಗೆ ಹೋದರೆ ಪಣಿಯೂರು-1 ಅಂತ ಕೈಗೆ ಹಾಕುತ್ತಾರೆ. ಕೇರಳದಲ್ಲಿ 1971ರಲ್ಲಿ ಬಿಡುಗಡೆಯಾದ ಹೈಬ್ರಿಡ್ ಅದು, ಉದ್ದ ಗೆರೆ (ಕಾಳು ಕಚ್ಚುವ ಜೋತು ಗೊಂಚಲು), ದಪ್ಪ ಕಾಳು, ಒಳ್ಳೆಯ ಫಸಲು. ಆದರೆ ಅದಕ್ಕೆ ಬೆಳಕು ಬೇಕು. ದಟ್ಟ ನೆರಳಿನ ಕಾಡಂಚಿಗೆ ತಂದು ನೆಟ್ಟರೆ ಬರೀ ಎಲೆ. ನೆರಳು ಜಾಸ್ತಿ ಇರುವ ಕಡೆಗೆ ಕರಿಮುಂಡ ವಾಸಿ. ಕಲ್ಲಿಕೋಟೆಯ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆಯ ಶಕ್ತಿ, ತೇವಂ ತಳಿಗಳು ಸೊರಗು ರೋಗವನ್ನು ಸ್ವಲ್ಪ ತಡೆದುಕೊಳ್ಳುತ್ತವೆ. ಸ್ವಲ್ಪ ಅಂದೆ, ಪೂರ್ತಿ ಅಲ್ಲ. ಶಿರಸಿ ಕಡೆಯವರಿಗೆ ಮಲ್ಲಿಗೇಸರದಂಥ ನಾಟಿ ತಳಿಗಳಿವೆ. ನನ್ನ ಅಭಿಪ್ರಾಯ ಕೇಳಿದರೆ, ಆಗಾಗ ನೋಡಿಕೊಳ್ಳಲಾಗದ ಜಾಗಕ್ಕೆ ಅದೇ ಊರಲ್ಲಿ ಆರೈಕೆ ಇಲ್ಲದೆ ಹತ್ತಾರು ವರ್ಷ ನಿಂತ ಬಳ್ಳಿಯ ಮರಿಯೇ ಸರಿ. ಪಕ್ಕದ ಮನೆಯ ಹಿತ್ತಲಲ್ಲಿ ಅಂಥದ್ದೊಂದು ಇದ್ದೇ ಇರುತ್ತದೆ. ಎರಡೂ ಮಿಶ್ರ ಮಾಡಿ ನೆಡಿ, ಒಂದು ಕೈಕೊಟ್ಟರೆ ಇನ್ನೊಂದು ಇರುತ್ತದೆ.

ಹಿಪ್ಪಲಿ ಬೇರಿನ ಮೇಲೆ ಕಸಿ ಕಟ್ಟಿದ ಗಿಡವನ್ನೂ ಮಾರುತ್ತಾರೆ. ಬುಡ ಕೊಳೆಯುವುದಿಲ್ಲ ಅನ್ನುವುದು ನಿಜ. ಆದರೆ ಆ ಬೇರಿಗೆ ಬೇಸಿಗೆಯಲ್ಲೂ ತೇವ ಬೇಕು. ಹಳ್ಳದ ಪಕ್ಕದ ಜೌಗಿಗೆ ಸರಿ, ಒಣ ಗುಡ್ಡಕ್ಕೆ ತರಬೇಡಿ.

ಸ್ವಂತ ಗಿಡ ಮಾಡಿಕೊಳ್ಳುವುದು ಕಷ್ಟವಲ್ಲ. ತಾಯಿ ಬಳ್ಳಿಯ ಬುಡದಿಂದ ನೆಲಕ್ಕೆ ಹರಿಯುವ ಹಬ್ಬುಬಳ್ಳಿ ಇರುತ್ತದಲ್ಲ, ಅದನ್ನು ಮಣ್ಣಿಗೆ ತಾಗಿ ಬೇರು ಬಿಡದ ಹಾಗೆ ಒಂದು ಗೂಟಕ್ಕೆ ಸುತ್ತಿಡಿ. ಫೆಬ್ರವರಿ-ಮಾರ್ಚ್‌ನಲ್ಲಿ ಕತ್ತರಿಸಿ, ತೀರಾ ಎಳೆ ತುದಿ, ತೀರಾ ಬಲಿತ ಬುಡ ಎರಡನ್ನೂ ಬಿಟ್ಟು, ಎರಡು-ಮೂರು ಗಿಣ್ಣಿನ ತುಂಡು ಮಾಡಿ. ಎಲೆ ತೆಗೆದು ತೊಟ್ಟು ಮಾತ್ರ ಬಿಡಿ. ಒಂದು ಗಿಣ್ಣು ಮಣ್ಣೊಳಗೆ ಹೋಗುವ ಹಾಗೆ ಪಾಲಿಥಿನ್ ಚೀಲದಲ್ಲಿ ನೆಟ್ಟು ನೆರಳಲ್ಲಿಟ್ಟರೆ ಮಳೆಗಾಲದ ಹೊತ್ತಿಗೆ ಗಿಡ ತಯಾರು. ಇದನ್ನು ಬೆಂಗಳೂರಿನ ಬಾಲ್ಕನಿಯಲ್ಲೇ ಮಾಡಬಹುದು, ಸಂಜೆ ನೀರು ಚಿಮುಕಿಸಿದರೆ ಸಾಕು. ರೋಗ ಬಂದ ತೋಟದಿಂದ ಮಾತ್ರ ತುಂಡು ತರಬೇಡಿ, ಕಾಯಿಲೆಯೂ ಜೊತೆಗೇ ಬರುತ್ತದೆ.

ನೆಡುವುದು

ಗುಂಡಿ ತೋಡುವ ಕೆಲಸ ಮೇ ತಿಂಗಳಲ್ಲಿ, ಒಂದೆರಡು ಅಡ್ಡಮಳೆ ಬಿದ್ದು ಮಣ್ಣು ಮೆತ್ತಗಾದಾಗ. ಮರದ ಬುಡಕ್ಕೇ ಅಂಟಿಸಿ ತೋಡಬೇಡಿ, ಒಂದಡಿ ದೂರ ಬಿಡಿ. ಮರದ ಉತ್ತರ ಅಥವಾ ಈಶಾನ್ಯ ಬದಿ ಆರಿಸಿಕೊಳ್ಳಿ, ಮಧ್ಯಾಹ್ನದ ಬಿಸಿಲಿಗೆ ಮರವೇ ಕೊಡೆ ಆಗುತ್ತದೆ. ಗುಂಡಿ ಉದ್ದ, ಅಗಲ, ಆಳ ಒಂದೂವರೆ ಅಡಿಗಿಂತ ಸ್ವಲ್ಪ ಜಾಸ್ತಿ. ಮರದ ಬೇರು ಅಡ್ಡ ಬಂದರೆ ದಪ್ಪ ಬೇರನ್ನು ಕಡಿಯದೆ ಗುಂಡಿಯನ್ನೇ ಪಕ್ಕಕ್ಕೆ ಸರಿಸಿ. ಮೇಲ್ಮಣ್ಣಿಗೆ ಐದು ಕಿಲೋ ಚೆನ್ನಾಗಿ ಕಳಿತ ಗೊಬ್ಬರ, ಒಂದು ಕಿಲೋ ಬೇವಿನ ಹಿಂಡಿ, 50 ಗ್ರಾಂ ಟ್ರೈಕೋಡರ್ಮಾ (ಬೇರಿನ ರೋಗ ತಡೆಯುವ ಒಳ್ಳೆಯ ಶಿಲೀಂಧ್ರದ ಪುಡಿ) ಕಲಸಿ ತುಂಬಿ. ಸುತ್ತಲ ನೆಲಕ್ಕಿಂತ ಒಂದು ಗೇಣು ಎತ್ತರಕ್ಕೆ ದಿಬ್ಬದ ಹಾಗೆ ಏರಿಸಿ. ಇಲ್ಲಿ ತುಂಬ ಜನ ಎಡವುತ್ತಾರೆ. ತೆಂಗಿನ ಗಿಡಕ್ಕೆ ಮಾಡುವ ಹಾಗೆ ಬುಡದಲ್ಲಿ ತಗ್ಗು ಬಿಡುತ್ತಾರೆ. ಜುಲೈ ಮಳೆಗೆ ಆ ತಗ್ಗು ಬಾವಿಯಾಗಿ ಗಿಡ ಕೊಳೆಯುತ್ತದೆ.

ಗಿಡ ಊರುವುದು ಮೃಗಶಿರ ಮಳೆ ಕುಳಿತು ನೆಲ ಪೂರ್ತಿ ತಣಿದ ಮೇಲೆ, ಅಂದರೆ ಜೂನ್ ಎರಡನೇ ವಾರದಿಂದ ಆರಿದ್ರದವರೆಗೆ. ಗುಂಡಿಗೆ ಎರಡು ಗಿಡ ಹಾಕಿ. ಚೀಲ ಹರಿದು ಬೇರಿನ ಮಣ್ಣು ಒಡೆಯದ ಹಾಗೆ ಇಟ್ಟು, ಮರದ ಕಡೆಗೆ ವಾಲಿಸಿ, ಸುತ್ತ ಕೈಯಲ್ಲೇ ಒತ್ತಿ. ಕಾಲಲ್ಲಿ ತುಳಿಯಬೇಡಿ. ತುದಿಯನ್ನು ಮರಕ್ಕೆ ತಾಗಿಸಿ ಬಾಳೆನಾರಿನಲ್ಲೋ ಹಳೇ ಬಟ್ಟೆ ಚೂರಿನಲ್ಲೋ ಸಡಿಲ ಕಟ್ಟಿ. ಪ್ಲಾಸ್ಟಿಕ್ ದಾರ ಬೇಡ, ನೀವು ಮತ್ತೆ ಹೋಗುವಷ್ಟರಲ್ಲಿ ಅದು ಎಳೆ ಬಳ್ಳಿಯನ್ನು ಕತ್ತು ಹಿಸುಕಿರುತ್ತದೆ. ಗಿಣ್ಣಿನಿಂದ ಹೊರಡುವ ಸಣ್ಣ ಕಂದು ಬೇರು ತೊಗಟೆಯ ಬಿರುಕಿಗೆ ಇಳಿದರೆ ಗೆದ್ದ ಹಾಗೆ. ಮುಂದಿನ ಸಲ ಹೋದಾಗ ಮೆಲ್ಲಗೆ ಬೆರಳಿಂದ ಎಳೆದು ನೋಡಿ. ಕಚ್ಚಿಕೊಂಡಿದ್ದರೆ ಕಟ್ಟು ಬಿಚ್ಚಿ, ಇಲ್ಲದಿದ್ದರೆ ಇನ್ನೊಂದು ಕಟ್ಟು ಮೇಲೆ ಹಾಕಿ.

ಮೊದಲ ಎರಡು ಬೇಸಿಗೆ

ಇಡೀ ಕೆಲಸದಲ್ಲಿ ಗಿಡ ಸಾಯುವುದು ಹೆಚ್ಚಾಗಿ ಇಲ್ಲೇ. ಡಿಸೆಂಬರ್ ಬಂತೆಂದರೆ ಬುಡಕ್ಕೆ ತರಗೆಲೆ ದಪ್ಪಗೆ ಮುಚ್ಚಿ, ಒಂದು ಮೊಳ ಎತ್ತರ ಹಾಕಿದರೂ ಮಾರ್ಚ್ ಹೊತ್ತಿಗೆ ಅದು ಕುಗ್ಗಿ ಬೆರಳುದ್ದ ಆಗಿರುತ್ತದೆ. ಕಾಂಡಕ್ಕೆ ಮಾತ್ರ ತಾಗಿಸಬೇಡಿ. ಬಳ್ಳಿಗೆ ಅಡಿಕೆ ಸೋಗೆ ಕಟ್ಟಿ ನೆರಳು ಮಾಡಿ, ಪಡುವಣ ಬಿಸಿಲು ಬೀಳುವ ಬದಿಗೆ ಎರಡು ಪದರ.

ನೀರು? ಬುಡದಲ್ಲಿ ಮಡಕೆ ಹೂತರೆ ತಿಂಗಳು ಬರುತ್ತದೆ ಅಂತ ಹೇಳುವವರಿದ್ದಾರೆ. ಬರುವುದಿಲ್ಲ. ಕೆಲವು ದಿನ ಬರುತ್ತದೆ, ಅಷ್ಟೇ. ಮೇಲ್ಗಡೆ ಗುಡ್ಡದಿಂದ ಇಳಿದು ಬರುವ ಅಬ್ಬಿ ನೀರು ಇದ್ದರೆ ನಿಮ್ಮಷ್ಟು ಪುಣ್ಯವಂತರಿಲ್ಲ. ಹಿಂದೆ ಅಡಿಕೆ ದಂಬೆಯಲ್ಲಿ ತರುತ್ತಿದ್ದರು, ಈಗ ಅರ್ಧ ಇಂಚಿನ ಕಪ್ಪು ಪೈಪ್ ಎಳೆದರೆ ಇಳಿಜಾರಿಗೆ ತಾನಾಗೇ ಬರುತ್ತದೆ, ಎತ್ತರದಲ್ಲಿ ಒಂದು ಡ್ರಮ್ ಇಟ್ಟು ಅಲ್ಲಿಂದ ಡ್ರಿಪ್ ಮಾಡಬಹುದು. ಕೆಳಗಿನವರೂ ಅದೇ ನೀರನ್ನು ನಂಬಿಕೊಂಡಿದ್ದಾರಾ ಅಂತ ಕೇಳಿಕೊಂಡೇ ಪೈಪ್ ಹಾಕಿ. ಅಬ್ಬಿ ಇಲ್ಲದಿದ್ದರೆ ಹತ್ತಿರದ ಮನೆಯವರಲ್ಲಿ ಒಬ್ಬರಿಗೆ ಹೇಳಿ ಫೆಬ್ರವರಿಯಿಂದ ಮೇ ನಡುವೆ ವಾರಕ್ಕೊಮ್ಮೆ ಗಿಡಕ್ಕೆ ಒಂದು ಕೊಡ ನೀರು ಹಾಕಿಸುವುದೇ ದಾರಿ. ಎರಡು ಬೇಸಿಗೆ ದಾಟಿಸಿದರೆ ಬೇರು ಕೆಳಗಿಳಿದು ಬಳ್ಳಿ ತನ್ನ ಪಾಡು ತಾನು ನೋಡಿಕೊಳ್ಳುತ್ತದೆ.

"ಆಳು ಮಾಡಿದ್ದು ಹಾಳು" ಅನ್ನುವ ಗಾದೆ ಹೇಳಿಕೊಂಡು ಕೂತರೆ ದೂರದವರು ತೋಟ ಮಾಡುವ ಹಾಗೇ ಇಲ್ಲ. ತಿಂಗಳ ಸಂಬಳಕ್ಕೆ ನೋಡಿಕೊಳ್ಳಿ ಅನ್ನುವುದಕ್ಕಿಂತ, ಇಂಥ ಕೆಲಸ, ಇಂಥ ದಿನ, ಇಷ್ಟು ದುಡ್ಡು ಅಂತ ಮಾತಾಡಿಕೊಳ್ಳಿ. ನೀರಿಗೆ ಇಷ್ಟು, ಕಳೆ ಸವರುವುದಕ್ಕೆ ಇಷ್ಟು. ಇಬ್ಬರಿಗೂ ಮನಸ್ತಾಪ ಇರುವುದಿಲ್ಲ. ಫಸಲು ಶುರುವಾದ ಮೇಲೆ ಪಾಲು ಕೊಡುತ್ತೇನೆ ಅಂತ ಮೊದಲೇ ಹೇಳಿದರೆ ಅವರಿಗೂ ಗಿಡದ ಮೇಲೆ ಕಣ್ಣಿರುತ್ತದೆ.

ಮದ್ದು: ಇದೊಂದನ್ನು ತಪ್ಪಿಸಬೇಡಿ

ಕಾಳುಮೆಣಸಿನ ದೊಡ್ಡ ಶತ್ರು ಶೀಘ್ರ ಸೊರಗು ರೋಗ. ಅಡಿಕೆಯ ಕೊಳೆರೋಗದ ಸೋದರಸಂಬಂಧಿ, ಎರಡೂ ಫೈಟಾಫ್ತೊರಾ ಅನ್ನುವ ಶಿಲೀಂಧ್ರದಂಥ ಸೂಕ್ಷ್ಮಜೀವಿಯ ಕುಲದ್ದೇ. ಜುಲೈಯಿಂದ ಸೆಪ್ಟೆಂಬರ್ ಅದರ ಕಾಲ. ಮಣ್ಣಲ್ಲಿರುತ್ತದೆ, ಮಳೆಹನಿ ನೆಲಕ್ಕೆ ಬಡಿದು ಸಿಡಿದಾಗ ಕೆಳಗಿನ ಎಲೆಗೆ ಹತ್ತುತ್ತದೆ. ಮೊದಲು ಎಲೆಯ ಮೇಲೆ ನೀರಲ್ಲಿ ನೆನೆದಂಥ ಕಪ್ಪು ಚುಕ್ಕೆ, ಅಂಚು ನೂಲು ಬಿಟ್ಟ ಹಾಗೆ. ಬುಡಕ್ಕೆ ಹತ್ತಿದರೆ ಮುಗಿಯಿತು, ಹಸಿರು ಎಲೆ ಹಸಿರಾಗೇ ಉದುರಿ ಎರಡು-ಮೂರು ವಾರದಲ್ಲಿ ಇಡೀ ಬಳ್ಳಿ ಜೋತು ಬೀಳುತ್ತದೆ. ತಿಂಗಳಿಗೊಮ್ಮೆ ಹೋಗುವವರು ರೋಗ ಕಂಡು ಮದ್ದು ಹೊಡೆಯುತ್ತೇನೆ ಅಂದರೆ ಅದು ಆಗದ ಮಾತು. ಬರುವ ಮುಂಚೆಯೇ ಹೊಡೆದಿರಬೇಕು.

ಮೊದಲ ಕೆಲಸಕ್ಕೆ ದುಡ್ಡೇ ಬೇಡ. ಮೇ ಕೊನೆಗೆ ನೆಲಕ್ಕೆ ಜೋತುಬಿದ್ದ ಹಬ್ಬುಬಳ್ಳಿಗಳನ್ನು ಕತ್ತರಿಸಿ ಅಥವಾ ಮರಕ್ಕೆ ಎತ್ತಿ ಕಟ್ಟಿ. ಮಣ್ಣು ಸಿಡಿಯದ ಹಾಗೆ ಬುಡಕ್ಕೆ ಸೊಪ್ಪು ಹಾಕಿ. ಮರದ ಕೆಳಗಿನ ಕೊಂಬೆ ಸವರಿ ಗಾಳಿ-ಬೆಳಕು ಆಡುವ ಹಾಗೆ ಮಾಡಿ. ಬಸಿಗಾಲುವೆ ಬಿಡಿಸಿ. ಬುಡದಲ್ಲಿ ಅಗೆತ ಮಾತ್ರ ಬೇಡ, ಬೇರಿಗೆ ಗಾಯವಾದರೆ ರೋಗಕ್ಕೆ ಬಾಗಿಲು ತೆಗೆದ ಹಾಗೆ. ಕಳೆಯನ್ನು ಕತ್ತಿಯಲ್ಲಿ ಸವರಿ ಅಲ್ಲೇ ಹಾಸಿದರೆ ಸಾಕು.

ಆಮೇಲೆ ಬೋರ್ಡೋ ದ್ರಾವಣ, ಶೇಕಡಾ 1ರದ್ದು. 100 ಲೀಟರಿಗೆ 1 ಕಿಲೋ ಮೈಲುತುತ್ತ (ಕಾಪರ್ ಸಲ್ಫೇಟ್), 1 ಕಿಲೋ ಸುಣ್ಣ. ಮೈಲುತುತ್ತವನ್ನು 50 ಲೀಟರ್ ನೀರಲ್ಲಿ, ಸುಣ್ಣವನ್ನು ಇನ್ನೊಂದು 50 ಲೀಟರಲ್ಲಿ ಬೇರೆ ಬೇರೆ ಕರಗಿಸಿ. ಮೈಲುತುತ್ತವನ್ನು ಹಿಂದಿನ ರಾತ್ರಿಯೇ ಬಟ್ಟೆಗಂಟು ಕಟ್ಟಿ ನೀರಲ್ಲಿ ಇಳಿಬಿಟ್ಟರೆ ಬೆಳಿಗ್ಗೆಗೆ ಕರಗಿರುತ್ತದೆ. ಸುಣ್ಣದ ನೀರು ಸೋಸಿ, ಅದಕ್ಕೆ ಮೈಲುತುತ್ತದ ನೀರನ್ನು ಸುರಿಯುತ್ತಾ ಕೋಲಿನಲ್ಲಿ ತಿರುಗಿಸಿ. ತಿರುಗಮುರುಗ ಮಾಡಬೇಡಿ. ಪ್ಲಾಸ್ಟಿಕ್ ಡ್ರಮ್ ಇರಲಿ, ಕಬ್ಬಿಣದ ಪಾತ್ರೆ ಬೇಡ. ಬಾನಿನಂಥ ನೀಲಿ ಬಂದ ಮೇಲೆ ಚೆನ್ನಾಗಿ ಮಸೆದ ಹೊಳೆಯುವ ಕತ್ತಿಯ ತುದಿಯನ್ನು ಒಂದು ನಿಮಿಷ ಅದ್ದಿ ನೋಡಿ. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು ಅಂತ, ಇನ್ನಷ್ಟು ಸುಣ್ಣದ ತಿಳಿ ಹಾಕಿ ಮತ್ತೆ ಅದ್ದಿ. ಕೆಂಪು ಕೂರುವ ಮದ್ದನ್ನೇ ಹೊಡೆದರೆ ಎಲೆ ಸುಡುತ್ತದೆ. ಅಂಗಡಿಯ ಸುಣ್ಣ ಹಳತಾದಷ್ಟೂ ಶಕ್ತಿ ಕಡಿಮೆ, ಹಾಗಾಗಿ ಎರಡು ಕಿಲೋ ಹೊತ್ತುಕೊಂಡು ಹೋಗುವುದು ಜಾಣತನ. ಮಾಡಿದ ದಿನವೇ ಮುಗಿಸಬೇಕು, ನಾಳೆಗೆ ಇಟ್ಟರೆ ಕೆಲಸಕ್ಕೆ ಬಾರದು. ಎಲೆಯ ಅಡಿಭಾಗಕ್ಕೂ ಬುಡದ ಕಾಂಡಕ್ಕೂ ಬೀಳಬೇಕು.

ಇದರ ಜೊತೆ ಬುಡದ ಮಣ್ಣಿಗೆ ಕಾಪರ್ ಆಕ್ಸಿಕ್ಲೋರೈಡ್, ಲೀಟರಿಗೆ 2 ಗ್ರಾಂ, ಬಳ್ಳಿಗೆ ಐದರಿಂದ ಹತ್ತು ಲೀಟರ್. ಈಗ ಲೆಕ್ಕ ಹಾಕಿ: ನೂರು ಬಳ್ಳಿಗೆ ಕಡಿಮೆ ಅಂದರೂ 500 ಲೀಟರ್ ನೀರು, ಅಷ್ಟನ್ನೂ ಹಳ್ಳದಿಂದ ಹೊತ್ತು ತರಬೇಕು, ಜೊತೆಗೆ ಬೋರ್ಡೋ ಬೇರೆ. ಇಬ್ಬರು ಒಂದು ದಿನದಲ್ಲಿ ಮುಗಿಸುವಷ್ಟೇ ಬಳ್ಳಿ ಇರಲಿ, ಮೊದಲ ವರ್ಷ ಐವತ್ತು ಸಾಕು ಅಂದಿದ್ದು ಇದಕ್ಕೇ. ಮೊದಲ ಸುತ್ತು ಮುಂಗಾರು ಹಿಡಿಯುವ ಮುನ್ನ, ಮೇ ಕೊನೆ ಅಥವಾ ಜೂನ್ ಮೊದಲ ವಾರ. ಎರಡನೆಯದು ಆಗಸ್ಟ್-ಸೆಪ್ಟೆಂಬರ್, ಮಳೆ ಹೊಳವಾಗಿ ಒಂದು ದಿನ ಬಿಸಿಲು ಬಂದಾಗ. ಆ ಹೊಳವು ಯಾವ ದಿನ ಬರುತ್ತದೋ ಯಾರಿಗೂ ಗೊತ್ತಿಲ್ಲ. ಊರಿನವರಿಗೆ ಫೋನ್ ಮಾಡಿ ಕೇಳಿ, ಆಫೀಸಿಗೆ ರಜೆ ಹಾಕಿ ಹೊರಡುವ ತಯಾರಿ ಇರಲಿ. ತಾಮ್ರದ ಮದ್ದು ಹಾಕಿದ ಬುಡಕ್ಕೆ ಕೂಡಲೇ ಟ್ರೈಕೋಡರ್ಮಾ ಹಾಕಬೇಡಿ, ಸತ್ತುಹೋಗುತ್ತದೆ, ಮೂರು-ನಾಲ್ಕು ವಾರ ಬಿಡಿ. ಮದ್ದು ಹೊಡೆಯುವಾಗ ಮುಖಕ್ಕೆ ಬಟ್ಟೆ, ಕೈಗೆ ಗ್ಲೌಸ್ ಇರಲಿ.

ಸತ್ತ ಬಳ್ಳಿಯನ್ನು ಬೇರು ಸಮೇತ ಕಿತ್ತು ಹೊರಗೆ ಸುಡಿ. ಅದೇ ಗುಂಡಿಗೆ ಅದೇ ವರ್ಷ ಹೊಸ ಗಿಡ ಬೇಡ. ಮಳೆ ನಿಂತ ಮೇಲೆ, ಅಕ್ಟೋಬರ್ ಹೊತ್ತಿಗೆ ಎಲೆ ನಿಧಾನ ಹಳದಿಯಾಗುತ್ತಾ ಬಂದರೆ ಅದು ಬೇರೆ ಕಾಯಿಲೆ, ನಿಧಾನ ಸೊರಗು. ಬೇರಲ್ಲಿ ಜಂತುಹುಳು ಕೂತಿರುತ್ತದೆ. ಬೇವಿನ ಹಿಂಡಿ ವರ್ಷ ವರ್ಷ ಹಾಕುತ್ತಾ ಬಂದರೆ ಅದರ ಕಾಟ ಕಡಿಮೆ.

ಗೊಬ್ಬರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೂರು ವರ್ಷ ದಾಟಿದ ಬಳ್ಳಿಗೆ ವರ್ಷಕ್ಕೆ ಹತ್ತು ಕಿಲೋ ಕೊಟ್ಟಿಗೆ ಗೊಬ್ಬರ, ಸಾರಜನಕ 50, ರಂಜಕ 50, ಪೊಟ್ಯಾಷ್ 150 ಗ್ರಾಂ, ಇದು ಕೇರಳದವರ ಸಾಮಾನ್ಯ ಶಿಫಾರಸು. ಎರಡು ಕಂತು: ಮೇ-ಜೂನ್, ಆಗಸ್ಟ್-ಸೆಪ್ಟೆಂಬರ್. ಮೊದಲ ವರ್ಷ ಇದರ ಮೂರನೇ ಒಂದು ಪಾಲು, ಎರಡನೇ ವರ್ಷ ಮೂರನೇ ಎರಡು. ವರ್ಷ ಬಿಟ್ಟು ವರ್ಷ ಏಪ್ರಿಲ್-ಮೇನಲ್ಲಿ ಬಳ್ಳಿಗೆ ಅರ್ಧ ಕಿಲೋ ಸುಣ್ಣ.

ಯಾವಾಗ ಹೋಗಬೇಕು

ಗೋಡೆಯ ಕ್ಯಾಲೆಂಡರಲ್ಲಿ ಈಗಲೇ ಗುರುತು ಮಾಡಿ. ಮೇ ಕೊನೆ: ಕೊಂಬೆ ಸವರುವುದು, ಹಬ್ಬು ಕತ್ತರಿಸುವುದು, ಗೊಬ್ಬರ, ಮೊದಲ ಮದ್ದು. ಇದಕ್ಕೆ ಎರಡು ದಿನ ಇಟ್ಟುಕೊಳ್ಳಿ. ಜೂನ್: ಹೊಸ ಗಿಡ, ಸತ್ತಲ್ಲಿ ಮರುನಾಟಿ. ಜುಲೈಯಲ್ಲಿ ಒಂದು ಸಲ ಬರೀ ನೀರು ನೋಡಲು, ಗುದ್ದಲಿ ಹಿಡಿದು. ಗೆರೆ ಹೊರಟು ಹೂ ಬಿಡುವುದೂ ಆಗಲೇ, ಈ ಹೊತ್ತಿಗೆ ಮಳೆ ಕೈಕೊಟ್ಟರೆ ಆ ವರ್ಷದ ಫಸಲು ಅಷ್ಟಕ್ಕಷ್ಟೇ, ನಿಮ್ಮ ಕೈಯಲ್ಲೇನೂ ಇಲ್ಲ. ಆಗಸ್ಟ್-ಸೆಪ್ಟೆಂಬರ್ ಎರಡನೇ ಮದ್ದು. ನವೆಂಬರ್‌ನಲ್ಲಿ ಕಳೆ ಸವರಿ ಬೆಂಕಿರೇಖೆ ಮಾಡಿ. ಕಾಡಿನ ಬದಿಗೆ ಎರಡು ಮಾರು ಅಗಲ ತರಗೆಲೆ ಗುಡಿಸಿಟ್ಟರೆ ಮಾರ್ಚ್‌ನ ಕಾಳ್ಗಿಚ್ಚು ಒಳಗೆ ಬರುವ ಅಪಾಯ ಕಡಿಮೆ, ಗುಡಿಸಿದ ಎಲೆ ಬುಡಕ್ಕೆ ಆಯಿತು. ಜನವರಿಯಿಂದ ಮಾರ್ಚ್ ಕೊಯ್ಲು. ಇಷ್ಟೇ. ಉಳಿದ ತಿಂಗಳು ಹೋದರೆ ಸಂತೋಷ, ಹೋಗದಿದ್ದರೆ ನಷ್ಟವಿಲ್ಲ.

ಇಂಬಳ, ಉಣುಗು, ಕಳ್ಳರು

ಮಳೆಗಾಲದಲ್ಲಿ ಇಂಬಳ (ಜಿಗಣೆ) ಹತ್ತದೆ ಬಿಡುವುದಿಲ್ಲ. ಗಂಬೂಟು ಹಾಕಿ, ಹೊಗೆಸೊಪ್ಪು ನೆನೆಸಿದ ನೀರನ್ನೋ ಉಪ್ಪನ್ನೋ ಬೂಟಿನ ಅಂಚಿಗೆ ಹಚ್ಚಿ. ಹತ್ತಿದರೂ ಅಪಾಯವಿಲ್ಲ, ಬರೀ ಕಿರಿಕಿರಿ.

ಉಣುಗು (ಉಣ್ಣೆ) ಹಾಗಲ್ಲ, ಮಂಗನ ಕಾಯಿಲೆ ಹರಡುವುದು ಅದೇ. ಮಂಗನ ಕಾಯಿಲೆ ಮೊದಲು ಪತ್ತೆಯಾಗಿದ್ದು 1957ರಲ್ಲಿ, ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ. ಅದು ಹರಡುವ ಕಾಲ ಡಿಸೆಂಬರ್‌ನಿಂದ ಮೇ, ಸರಿಯಾಗಿ ನಮ್ಮ ತರಗೆಲೆ ಗುಡಿಸುವ, ಕೊಯ್ಲು ಮಾಡುವ ಕಾಲ. ಕಾಯಿಲೆ ಇರುವ ಊರುಗಳಲ್ಲಿ ಸರ್ಕಾರಿ ಆಸ್ಪತ್ರೆಯಲ್ಲಿ ಮೈಗೆ ಹಚ್ಚಲು ಡೆಪಾ ಎಣ್ಣೆ ಕೊಡುತ್ತಾರೆ, ಕೇಳಿ ಪಡೆಯಿರಿ. ತುಂಬುತೋಳಿನ ಅಂಗಿ, ಪ್ಯಾಂಟನ್ನು ಸಾಕ್ಸ್ ಒಳಗೆ ತುರುಕಿ. ತರಗೆಲೆ ಮೇಲೆ ಕೂರಬೇಡಿ. ಮನೆಗೆ ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ ಹಾಕಿ, ಮೈಯೆಲ್ಲ ನೋಡಿಕೊಂಡು ಸ್ನಾನ ಮಾಡಿ. ಜಾಗದಲ್ಲಿ ಮಂಗ ಸತ್ತು ಬಿದ್ದಿದ್ದು ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಊರಿಂದ ಬಂದು ಒಂದೆರಡು ವಾರದಲ್ಲಿ ಜೋರು ಜ್ವರ ಬಂದರೆ ಬೆಂಗಳೂರಿನ ಡಾಕ್ಟರಿಗೆ ಕಾಡಿಗೆ ಹೋಗಿದ್ದೆ ಅಂತ ನೀವಾಗಿ ಹೇಳಬೇಕು, ಅವರಾಗಿ ಕೇಳುವುದಿಲ್ಲ.

ಕಳ್ಳತನ ಇದ್ದೇ ಇದೆ. ಮರದಲ್ಲೇ ಇರುವ ಹಸಿ ಕಾಳನ್ನು ಒಂದು ರಾತ್ರಿಯಲ್ಲಿ ಕೊಯ್ದುಕೊಂಡು ಹೋಗುತ್ತಾರೆ. ಬೇಲಿ, ಕ್ಯಾಮೆರಾ ಅಂತ ದುಡ್ಡು ಸುರಿಯುವುದಕ್ಕಿಂತ, ದಾರಿಯ ಪಕ್ಕದ ಮರಗಳನ್ನು ಬಿಟ್ಟು ಒಳಗಿನ ಮರಗಳಿಗೆ ಬಳ್ಳಿ ಹಬ್ಬಿಸುವುದು, ಪಾಲು ಇರುವ ನೆರೆಯವರನ್ನು ಜೊತೆಗಿಟ್ಟುಕೊಳ್ಳುವುದು ಹೆಚ್ಚು ಕೆಲಸಕ್ಕೆ ಬರುತ್ತದೆ. ಕಳ್ಳರ ಹೆದರಿಕೆಗೆ ಎಳೆಯದನ್ನೇ ಕೊಯ್ದರೆ ಒಣಗಿದ ಮೇಲೆ ಜೊಳ್ಳು ಕಾಳು, ತೂಕವೇ ಬಾರದು. ಕೊಯ್ಲಿನ ತಿಂಗಳು ಹೋಗಲಾಗದಿದ್ದರೆ ಫಸಲನ್ನು ಮರದಲ್ಲೇ ಗುತ್ತಿಗೆಗೆ ಕೊಡಿ, ದುಡ್ಡು ಕಡಿಮೆ ಬಂದರೂ ನಿದ್ದೆ ಬರುತ್ತದೆ.

ಕೊಯ್ಲು, ಒಣಗಿಸುವುದು

ಮೂರನೇ ವರ್ಷಕ್ಕೆ ಅಲ್ಲಲ್ಲಿ ಗೆರೆ ಕಾಣುತ್ತದೆ, ಏಳೆಂಟನೇ ವರ್ಷಕ್ಕೆ ಪೂರ್ತಿ ಫಸಲು. ಒಂದು ಗೆರೆಯಲ್ಲಿ ಒಂದೆರಡು ಕಾಳು ಹಣ್ಣಾಗಿ ಕೆಂಪಾದರೆ ಆ ಬಳ್ಳಿ ಕೊಯ್ಲಿಗೆ ಬಂದಿದೆ. ಬಿದಿರಿನ ಏಣಿ ಬಳಸಿ. ಅಲ್ಯೂಮಿನಿಯಂ ಏಣಿ ಹಗುರ, ಆದರೆ ಅದು ಕರೆಂಟಿನ ತಂತಿಗೆ ತಾಗಿ ಮೆಣಸು ಕೊಯ್ಯುವವರು ಸತ್ತ ಸುದ್ದಿ ಕೊಡಗು, ಚಿಕ್ಕಮಗಳೂರಿನ ಕಡೆ ಕೇಳುತ್ತಲೇ ಇರುತ್ತೇವೆ. ನಿಮ್ಮ ಜಾಗಕ್ಕೆ ಕರೆಂಟು ಇಲ್ಲದಿರಬಹುದು, ಮೇಲೆ ಲೈನ್ ಹಾದುಹೋಗಿರಬಹುದು.

ಕೊಯ್ದ ಗೆರೆಗಳನ್ನು ಒಂದು ರಾತ್ರಿ ಗೋಣಿಚೀಲದಲ್ಲಿ ಕಟ್ಟಿಟ್ಟರೆ ಬೆಳಿಗ್ಗೆ ಕಾಳು ಸುಲಭವಾಗಿ ಬಿಡುತ್ತದೆ. ಚಾಪೆಯ ಮೇಲೆ ಹಾಕಿ ಕಾಲಲ್ಲಿ ತುಳಿದು ಉದುರಿಸುವುದೇ ಹಳೇ ಪದ್ಧತಿ, ಐವತ್ತು ಬಳ್ಳಿಗೆ ಯಂತ್ರ ಯಾಕೆ? ಬಿಡಿಸಿದ ಕಾಳನ್ನು ಬುಟ್ಟಿಯಲ್ಲಿ ತುಂಬಿ ಕುದಿಯುವ ನೀರಲ್ಲಿ ಒಂದು ನಿಮಿಷ ಅದ್ದಿ ತೆಗೆದರೆ ಒಂದೇ ಸಮ ಕಪ್ಪು ಬಣ್ಣ ಬರುತ್ತದೆ, ಬೇಗ ಒಣಗುತ್ತದೆ, ಮೇಲಿನ ಕೊಳೆಯೂ ಹೋಗುತ್ತದೆ. ಒಂದು ನಿಮಿಷಕ್ಕಿಂತ ಜಾಸ್ತಿ ಬಿಡಬೇಡಿ. ಆಮೇಲೆ ಅಂಗಳದಲ್ಲಿ ತೆಳ್ಳಗೆ ಹರಡಿ ನಾಲ್ಕೈದು ಒಳ್ಳೆಯ ಬಿಸಿಲು. ನೀವು ವಾಪಸ್ ಹೊರಡಬೇಕಾದರೆ ಹಸಿ ಕಾಳನ್ನು ಚೀಲದಲ್ಲಿ ತುಂಬಿ ಬೆಂಗಳೂರಿಗೆ ತರುವ ಸಾಹಸ ಬೇಡ, ಬಸ್ಸಲ್ಲೇ ಬೂಷ್ಟು ಹಿಡಿಯುತ್ತದೆ. ಊರಿನ ಅಂಗಳದಲ್ಲೇ ಒಣಗಲಿ. ಮೂರು ಕಿಲೋ ಹಸಿಗೆ ಹೆಚ್ಚುಕಡಿಮೆ ಒಂದು ಕಿಲೋ ಒಣ ಕಾಳು ಸಿಗುತ್ತದೆ.

ತಡವಾಗಿ ಹೋಗಿ ಪೂರ್ತಿ ಹಣ್ಣಾದ ಗೆರೆಗಳು ಸಿಕ್ಕಿದರೆ ಬೇಜಾರು ಬೇಡ. ಅವನ್ನು ಬೇರೆ ತೆಗೆದು ಚೀಲ ಕಟ್ಟಿ ಹರಿಯುವ ಹಳ್ಳದಲ್ಲಿ ಒಂದು ವಾರ ಮುಳುಗಿಸಿಟ್ಟು, ಸಿಪ್ಪೆ ತಿಕ್ಕಿ ತೊಳೆದು ಒಣಗಿಸಿದರೆ ಬೋಳಕಾಳು, ಅಂದರೆ ಬಿಳಿ ಮೆಣಸು. ಕರಿದಕ್ಕಿಂತ ಅದಕ್ಕೆ ರೇಟು ಜಾಸ್ತಿ.

ಒಣಗಿದ್ದು ಸಾಕೋ ಇಲ್ಲವೋ ಅಂತ ನೋಡಲು ನಾಲ್ಕು ಕಾಳು ಹಲ್ಲಲ್ಲಿ ಕಚ್ಚಿ. ಟಕ್ ಅಂತ ಒಡೆಯಬೇಕು, ಮೆತ್ತಗೆ ಚಪ್ಪಟೆಯಾದರೆ ಇನ್ನೊಂದು ಬಿಸಿಲು ಬೇಕು. ತೇವ 10-11 ಶೇಕಡಾಕ್ಕೆ ಇಳಿದಿರಬೇಕು ಅಂತ ವ್ಯಾಪಾರಿಗಳು ಮೀಟರ್ ಹಿಡಿದು ನೋಡುತ್ತಾರೆ, ಒಂದು ಲೀಟರ್ ಅಳತೆಗೆ ಎಷ್ಟು ಗ್ರಾಂ ತೂಗುತ್ತದೆ ಅಂತಲೂ ನೋಡುತ್ತಾರೆ, ಜೊಳ್ಳು ಜಾಸ್ತಿ ಇದ್ದರೆ ಅಲ್ಲೇ ಗೊತ್ತಾಗಿಬಿಡುತ್ತದೆ. ಹಾಗಾಗಿ ಮಾರುವ ಮುಂಚೆ ಮೊರದಲ್ಲಿ ಒಮ್ಮೆ ಕೇರಿ. ಕೂಡಲೇ ಮಾರಲೇಬೇಕು ಅಂತೇನಿಲ್ಲ, ಚೆನ್ನಾಗಿ ಒಣಗಿದ ಕಾಳು ಒಳಗೆ ಪ್ಲಾಸ್ಟಿಕ್ ಇರುವ ಚೀಲದಲ್ಲಿ ಕಟ್ಟಿ, ನೆಲಕ್ಕೆ ತಾಗದ ಹಾಗೆ ಹಲಗೆ ಮೇಲಿಟ್ಟರೆ ವರ್ಷ ದಾಟಿದರೂ ಕೆಡುವುದಿಲ್ಲ.